ಮುಸುರೆ ಕೈ

೩ ಜೂನ್ ೨೦೨೪
ಅಣುವಿದ್ಯುತ್ ಕೇಂದ್ರದ ವಸತಿ ಬಡಾವಣೆ

ಅಪ್ಪನಿಗೆ ಸ್ಮೃತಿಯ ನಮಸ್ಕಾರ.

ನನ್ನ ಹಿಂದಿನ ಪತ್ರ ವಾಪಸು ಬಂತು. ಹನ್ನೊಂದು ಕಡೆ ಕೆಂಪು ಶಾಯಿ, ಕೊನೆಯಲ್ಲಿ ‘ಹತ್ತಕ್ಕೆ ಆರು’. ಅದು ಬಿಟ್ಟರೆ ನಿಮ್ಮ ಕಡೆಯಿಂದ ಒಂದು ಅಕ್ಷರವಿಲ್ಲ. ಪಾಂಡವಪುರದ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಮೇಷ್ಟ್ರಾಗಿದ್ದವರು ನಿವೃತ್ತರಾದ ಮೇಲೂ ಕೆಂಪು ಪೆನ್ನು ಬಿಡಲಿಲ್ಲ ಎಂದು ಅಮ್ಮ ಫೋನಿನಲ್ಲಿ ನಕ್ಕಳು. ನೀವು ಮಾತ್ರ ಫೋನಿಗೆ ಬರಲಿಲ್ಲ. ನಾನು ಈ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ‘ಅಣುಕಸ ಕಾಯುವವಳ ಹತ್ತಿರ ನನಗೇನು ಮಾತು, ಹೇಳುವುದಿದ್ದರೆ ಬರೆಯಲಿ’ ಎಂದವರು ಅಂದಿನಿಂದ ನನ್ನ ದನಿ ಕೇಳಿಲ್ಲ. ಹಠದಲ್ಲಿ ನಾನೂ ನಿಮ್ಮ ಮಗಳೇ. ಬರೆಯುತ್ತೇನೆ.

ಈ ಸಲ ಬರೆಯುತ್ತಿರುವುದು ನನ್ನ ಕ್ಷೇಮ ತಿಳಿಸುವುದಕ್ಕಲ್ಲ, ಒಂದು ಪದ ಕೇಳುವುದಕ್ಕೆ.

ನಮ್ಮ ಕಸ ಎಂದರೆ ಟಿವಿಯಲ್ಲಿ ತೋರಿಸುವ ಹಾಗೆ ಹಸಿರಾಗಿ ಹೊಳೆಯುವ ದ್ರವವಲ್ಲ. ಒಳಗೆ ಕೆಲಸ ಮಾಡಿದವರ ಕೈಗವಸು, ನೆಲ ಒರೆಸಿದ ಬಟ್ಟೆ, ಹಳೆಯ ಪೈಪಿನ ತುಂಡು. ಅದನ್ನೆಲ್ಲ ಯಂತ್ರದಲ್ಲಿ ಒತ್ತಿ ಪೀಪಾಯಿಗೆ ತುಂಬುತ್ತಾರೆ. ಮೇಲೆ ಸಿಮೆಂಟು ಸುರಿದು ಕಾಂಕ್ರೀಟಿನ ಗುಂಡಿಯಲ್ಲಿ ಜೋಡಿಸಿಟ್ಟು ಮುಚ್ಚುತ್ತಾರೆ. ಆ ಕೆಲಸ ಮಾಡುವವರ ಮೈಗೆ ಏನೂ ಅಂಟದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಈ ವರ್ಷ ಗುತ್ತಿಗೆಯ ಮೇಲೆ ಹನ್ನೊಂದು ಜನ ಹೊಸಬರು ಬಂದಿದ್ದಾರೆ. ಎಲ್ಲ ನಮ್ಮ ಕಡೆಯವರು, ನಾಗಮಂಗಲ ಮತ್ತು ಕೆ.ಆರ್. ಪೇಟೆಯಿಂದ. ‘ಅಂಗಲ್ಲ ಮೇಡಂ, ಇಂಗೆ’ ಎನ್ನುವುದು ಕೇಳಿದರೆ ನನಗೆ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗಾಗುತ್ತದೆ. ಆದರೆ ಹೊರಬಾಗಿಲಿನಲ್ಲಿ ಕೈಕಾಲು ಪರೀಕ್ಷಿಸುವ ಯಂತ್ರವಿದೆ, ಮೈಮೇಲೆ ಧೂಳಿನಷ್ಟು ಏನಾದರೂ ಅಂಟಿದ್ದರೆ ಗಂಟೆ ಹೊಡೆಯುತ್ತದೆ. ಅದು ಇವರ ತಂಡಕ್ಕೆ ಮೇಲಿಂದ ಮೇಲೆ ಹೊಡೆಯಿತು. ತಂಡದ ಹಿರಿಯ ಸಿದ್ದರಾಜು ಒಬ್ಬನಿಗೇ ಮೂರು ಸಲ. ಮೂರನೆಯ ಸಲ ಅವನು ಮಾಡಿದ್ದಿಷ್ಟೆ: ಕೈಗವಸು ತೆಗೆಯದೆ ಜೇಬಿನಿಂದ ಕರವಸ್ತ್ರ ತೆಗೆದು ಬೆವರು ಒರೆಸಿಕೊಂಡ. ಸೋಪು ನೀರಿನಲ್ಲಿ ತೊಳೆದ ಮೇಲೆ ಎಲ್ಲ ಹೋಯಿತು, ಅವನಿಗೇನೂ ಆಗಲಿಲ್ಲ. ಆದರೆ ನಮ್ಮ ಮ್ಯಾನೇಜರ್ ಸಂತೋಷ್ ಸರ್ ಎಲ್ಲರನ್ನೂ ಹೊರಗಿನ ಹುಲ್ಲು ಕೊಯ್ಯಲು ಹಾಕಿ ನನ್ನನ್ನು ಕರೆದರು. ‘ನಿಮ್ಮ ಕಡೆಯವರು, ನೀವೇ ಕಲಿಸಿ. ತರಬೇತಿ ಮುಗಿದ ಮೇಲೆ ತೊಂಬತ್ತು ದಿನ ನೋಡುತ್ತೇನೆ. ಒಂದೇ ಒಂದು ಸಲ ಗಂಟೆ ಹೊಡೆದರೂ ಹನ್ನೊಂದು ಜನವೂ ಊರಿಗೆ’ ಎಂದರು.

ಈ ಹನ್ನೊಂದು ಜನಕ್ಕೆ ತಿಳಿಯದೇ ಇರುವುದು ಒಂದೇ. ವಿಕಿರಣ ಬೇರೆ, ವಿಕಿರಣವಿರುವ ಧೂಳು ಮೈಗೆ ಅಂಟುವುದು ಬೇರೆ. ಮೊದಲನೆಯದರಿಂದ ದೂರ ಸರಿದರೆ ಸಾಕು. ಎರಡನೆಯದು ನಮ್ಮ ಜೊತೆಗೇ ಮನೆಗೆ ಬರುತ್ತದೆ. ಪುಸ್ತಕದಲ್ಲಿ ಇದಕ್ಕೆ ‘ವಿಕಿರಣಶೀಲ ಮಾಲಿನ್ಯ’ ಎಂದಿದೆ. ಹೇಳಿದೆ. ಹನ್ನೊಂದು ಜನ ಹನ್ನೊಂದು ಕಲ್ಲಿನಂತೆ ಕೂತಿದ್ದರು.

ಒಂದು ಪದ ಕೊಡಿ ಅಪ್ಪ. ಅಂಕ ಆಮೇಲೆ ಕೊಡುವಿರಂತೆ.

ನಿಮ್ಮ
ಸ್ಮೃತಿ

೧೨ ಜೂನ್ ೨೦೨೪
ಗಂಜಾಂ

ಚಿ. ಸ್ಮೃತಿಗೆ,

ಏಳು ತಪ್ಪು. ಪ್ರತಿ ಜೊತೆಗಿದೆ.

ನಾನು ನಿನ್ನ ಕೇಂದ್ರಕ್ಕೆ ವಿರೋಧಿ. ಇವತ್ತೂ ವಿರೋಧಿ. ಕಾರಣ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ಸ್ನಾನಘಟ್ಟದಲ್ಲಿ ನಿನ್ನಜ್ಜಿ ಸೀರೆ ಒಗೆಯುತ್ತಿದ್ದ ಕಲ್ಲು ನೆನಪಿದೆಯಲ್ಲ? ಅದನ್ನು ಮಗುಚಿದರೆ ಒಂದು ಶಾಸನ. ‘ಇದಕ್ಕೆ ತಪ್ಪಿದವರು ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವರು’ ಎಂದು ಯಾವನೋ ಅರಸ ಹೆದರಿಸಿ ಬರೆಸಿದ್ದಾನೆ. ಹೆದರಿದವರಾರು? ಓದಲು ಬಾರದ ಜನ ಅದರ ಬೆನ್ನ ಮೇಲೆ ಬಟ್ಟೆ ಕುಕ್ಕಿದರು. ನಿನ್ನ ಪೀಪಾಯಿಗಳನ್ನು ಮುನ್ನೂರು ವರ್ಷ ಕಾಯಬೇಕಂತೆ. ‘ಇಲ್ಲಿ ಅಗೆಯಬೇಡಿ’ ಎಂದು ನೀವು ಇಂದು ಬರೆಸುವ ಹಲಗೆಯನ್ನು ಅಂದು ಓದುವವರು ಯಾರು? ಇದಕ್ಕೆ ಉತ್ತರ ಸಿಗುವವರೆಗೆ ನಾನು ಒಪ್ಪುವುದಿಲ್ಲ. ಈ ದೀಪದ ಕರೆಂಟು ಎಲ್ಲಿಂದ ಬಂತು ಎಂದು ಕೇಳಬೇಡ. ನಿನ್ನ ಅಮ್ಮ ಆಗಲೇ ಕೇಳಿದಳು.

ಆದರೆ ಪದ ತಿಳಿಯದೆ ಒಬ್ಬ ಮನುಷ್ಯನಿಗೆ ಕೆಡುಕಾಗುವುದು ಕನ್ನಡ ಮೇಷ್ಟ್ರ ಮನೆಯ ಅವಮಾನ. ಆದ್ದರಿಂದ ಎರಡು ದಿನ ಯೋಚಿಸಿದೆ. ನಿನಗೆ ಬೇಕಾದ ಪದ ‘ಮೈಲಿಗೆ’. ಕಣ್ಣಿಗೆ ಕಾಣುವುದಿಲ್ಲ. ಮುಟ್ಟಿದರೆ ಹತ್ತುತ್ತದೆ, ಮುಟ್ಟಿದವರನ್ನು ಮುಟ್ಟಿದರೂ ಹತ್ತುತ್ತದೆ. ಸ್ನಾನ ಮಾಡಿದರೆ ಹೋಗುತ್ತದೆ. ಒಳಗೆ ಹೋಗುವಾಗ ಬಟ್ಟೆ ಬದಲಿಸಿದರೆ ‘ಮಡಿ’. ಇಷ್ಟು ಚೆನ್ನಾಗಿ ಹೊಂದುವ ಜೋಡಿಪದ ಬೇರೆ ಯಾವ ಭಾಷೆಯಲ್ಲಿದೆ, ತೋರಿಸು!

ನಿನ್ನ ಅಮ್ಮ ಅಡುಗೆಮನೆಯಿಂದ ‘ಇನ್ನೂ ಸ್ವಲ್ಪ ಯೋಚನೆ ಮಾಡಿ ಬರೀರಿ’ ಎನ್ನುತ್ತಿದ್ದಾಳೆ. ಯೋಚಿಸಿ ಆಗಿದೆ.

ಸುಬ್ಬಣ್ಣ

೧ ಜುಲೈ ೨೦೨೪

ಅಪ್ಪ,

ನೀವು ಕೊಟ್ಟ ಪದ ಮೊನ್ನೆ ಹೇಳಿದೆ. ದೊಡ್ಡದಾಗಿ ಬೋರ್ಡಿನ ಮೇಲೆ ಬರೆದೆ: ಮಡಿ, ಮೈಲಿಗೆ. ಎಷ್ಟು ಸಲೀಸಾಗಿ ಹೊಂದಿತು ಎಂದು ನನಗೇ ಹೆಮ್ಮೆಯಾಗಿತ್ತು. ‘ಕೆಲಸ ಮಾಡಿ ಬಂದಾಗ ನೀವು ಮೈಲಿಗೆ ಆಗಿರಬಹುದು’ ಎಂದೆ.

ಸಿದ್ದರಾಜು ಎದ್ದು ನಿಂತ. ದನಿ ಏರಿಸಲಿಲ್ಲ. ‘ಮೇಡಂ, ಆ ಮಾತ ಬುಡಿ. ನಮ್ ತಾತ ಕೆರೆ ಏರಿ ಮ್ಯಾಲೆ ಬಂದ್ರೆ ಅದೇ ಮಾತ ಅಂದು ಕಲ್ಲು ಬೀರ್ತಿದ್ರು. ಇಷ್ಟ್ ದೂರ ಬಂದು ಇಲ್ಲೂ ಅದ್ನೇ ಅನ್ನಿಸ್ಕಬೇಕಾ? ಗಂಟೆ ಹೊಡ್ದಾಗ ಯಂತ್ರ ನನ್ ಕೈ ಸರಿ ಇಲ್ಲ ಅಂತು. ನೀವು ನಾನೇ ಸರಿ ಇಲ್ಲ ಅಂತೀರಲ್ಲ’ ಎಂದ. ಹೊರಗೆ ಹೋದ. ಹಿಂದೆಯೇ ಹತ್ತು ಜನವೂ ಎದ್ದು ಹೋದರು, ಅವರಲ್ಲಿ ಐದಾರು ಜನ ಗೌಡರ ಮನೆಯವರು, ಅವರೂ.

ಬೋರ್ಡು ಒರೆಸಿದೆ. ಆ ಪದಕ್ಕೆ ಇನ್ನೊಂದು ಮುಖವಿದೆ ಎಂದು ಬರೆಯುವಾಗ ನಿಮಗೆ ಹೊಳೆಯಲಿಲ್ಲ, ಹೇಳುವಾಗ ನನಗೂ ಹೊಳೆಯಲಿಲ್ಲ. ಹೊಳೆಯಬೇಕಾದ ಕಷ್ಟವೇ ನಮಗೆ ಯಾವತ್ತೂ ಬಂದಿರಲಿಲ್ಲ. ನನಗೆ ನಾಚಿಕೆಯಾಗುತ್ತಿದೆ.

ಅವನ ಕೋಣೆಗೆ ಹೋಗಿ ಕ್ಷಮೆ ಕೇಳಿದೆ. ‘ನಿಮ್ದೇನ್ ತಪ್ಪಿಲ್ಲ ಬುಡಿ’ ಎಂದ, ಆದರೆ ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ಅವನ ತಾಯಿ ಅಣ್ಣಮ್ಮ ಬೆಳ್ಳೂರು ಕ್ರಾಸಿನ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಾರಂತೆ, ಅಲ್ಲಿಗೇ ಹೋಗುತ್ತೇನೆ ಎಂದ. ಅವನು ಹೋದರೆ ಉಳಿದವರೂ ನಿಲ್ಲುವುದಿಲ್ಲ. ಈ ತಿಂಗಳ ಕೊನೆಯವರೆಗಾದರೂ ಇರು ಎಂದು ಬೇಡಿಕೊಂಡು ಬಂದಿದ್ದೇನೆ.

ಇದರಲ್ಲಿರುವ ತಪ್ಪನ್ನು ತಿದ್ದಬೇಡಿ.

ಸ್ಮೃತಿ

೨೮ ಜುಲೈ ೨೦೨೪
ಗಂಜಾಂ

ಮಗಳೇ,

ನಾಲ್ಕು ವಾರ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ. ಮೂರು ಸಾವಿರ ಮಕ್ಕಳಿಗೆ ಪದದ ಅರ್ಥ ಹೇಳಿದವನು ನಾನು. ಒಂದು ಪದ ಯಾರ ಮೈಮೇಲೆ ಬಿದ್ದು ಎಷ್ಟು ಗಾಯ ಮಾಡಿದೆ ಎಂದು ಯಾವ ನಿಘಂಟಿನಲ್ಲೂ ಬರೆದಿರುವುದಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಊಟ ಸೇರಲಿಲ್ಲ. ಕೊನೆಗೆ ನಿನ್ನ ಅಮ್ಮ, ‘ಇಲ್ಲಿ ಕೂತು ತಲೆ ಚಚ್ಚಿಕೊಂಡರೆ ಅವರಿಗೆ ಹೇಗೆ ತಿಳಿಯಬೇಕು? ಹೋಗಿ ಬನ್ನಿ’ ಎಂದಳು.

ನಿಮಿಷಾಂಬೆಯ ಪ್ರಸಾದ ಕಟ್ಟಿಸಿಕೊಂಡು ಹೊರಟೆ. ಶ್ರೀರಂಗಪಟ್ಟಣದಿಂದ ಪಾಂಡವಪುರ, ಅಲ್ಲಿಂದ ನಾಗಮಂಗಲ, ಅಲ್ಲಿಂದ ಬೆಳ್ಳೂರು ಕ್ರಾಸು. ಮೂರು ಬಸ್ಸು, ಮೂರರಲ್ಲೂ ನಿಂತೇ ಹೋದೆ. ನಾಲ್ಕು ಹೋಟೆಲು ಹುಡುಕಿದ ಮೇಲೆ ಐದನೆಯದರ ಹಿತ್ತಿಲಲ್ಲಿ ಅಣ್ಣಮ್ಮ ಸಿಕ್ಕರು. ಎದುರಿಗೆ ಎದೆಯೆತ್ತರ ಪಾತ್ರೆ, ಕೈ ಮೊಣಕೈವರೆಗೆ ಸಾರು ಅನ್ನ ನೊರೆ. ನಾನು ಯಾರು ಎಂದು ಹೇಳಿ ಪ್ರಸಾದದ ಪೊಟ್ಟಣ ಮುಂದೆ ಹಿಡಿದೆ. ಅವರು ಥಟ್ಟನೆ ಹಿಂದೆ ಸರಿದರು.

‘ಬ್ಯಾಡಿ ಸಾಮಿ, ಮುಟ್ಟುಸ್ಬ್ಯಾಡಿ!’

ಅದೇ ಹಳೆಯ ಮಾತು ಈ ತಾಯಿಯ ಬಾಯಿಂದಲೇ ಬಂತಲ್ಲ ಎಂದುಕೊಂಡೆ. ಅಷ್ಟರಲ್ಲಿ ಅವರು ಎರಡೂ ಕೈ ಎತ್ತಿ ತೋರಿಸಿದರು.

‘ಮುಸುರೆ ಕೈ ಸಾಮಿ. ಪರ್ಸಾದಕ್ಕೆ ಮುಸುರೆ ಆಯ್ತದೆ. ವಸಿ ತಡೀರಿ.’

ನಲ್ಲಿಗೆ ಹೋದರು. ಸೋಪು ಹಚ್ಚಿ ತೊಳೆದರು, ಸೆರಗಿನಲ್ಲಿ ಒರೆಸಿಕೊಂಡು ಬಂದು ಪೊಟ್ಟಣ ಈಸಿಕೊಂಡು ಕಣ್ಣಿಗೊತ್ತಿಕೊಂಡರು. ನಾನು ಇನ್ನೂ ನಿಂತೇ ಇದ್ದೆ. ‘ಯಾಕ್ ಸಾಮಿ ಅಂಗ್ ನೋಡ್ತೀರಿ? ಮುಸುರೆ ಏನು ಉಟ್ದಾಗಿಂದ ಅಂಟ್ಕಂಡಿರದಾ? ತೊಳುದ್ರೆ ಓಯ್ತದೆ’ ಎಂದರು.

ಸ್ಮೃತಿ, ಪದ ಸಿಕ್ಕಿತು! ಆ ಹಿತ್ತಿಲಲ್ಲಿ, ಆ ಕೊಚ್ಚೆಯಲ್ಲಿ ನಾನು ಕುಣಿಯುವುದೊಂದು ಬಾಕಿ. ಮುಸುರೆ! ಅನ್ನ ಮುಟ್ಟಿದ ಕೈಯಲ್ಲಿ ಮೊಸರಿನ ಪಾತ್ರೆ ಮುಟ್ಟಬೇಡ ಎಂದು ನಿನ್ನ ಅಮ್ಮ ದಿನಕ್ಕೆ ಹತ್ತು ಸಲ ಹೇಳುವ ಪದ. ಗೌಡರ ಮನೆಯಲ್ಲಿ ಉಂಡ ಪಾತ್ರೆಗೆ ಇರುವ ಪದ. ಅಣ್ಣಮ್ಮನ ಕೈಯ ಪದ. ಅದು ಕೈಗೆ ಅಂಟುತ್ತದೆ, ಮನುಷ್ಯನಿಗಲ್ಲ. ರಾಜನಿಗೂ ಉಂಡ ಮೇಲೆ ಮುಸುರೆ ಕೈಯೇ. ಯಾರನ್ನೂ ಆ ಹೆಸರು ಹಿಡಿದು ಯಾರೂ ಕೆರೆಯಿಂದ ಓಡಿಸಿಲ್ಲ.

ಹೋದ ಕೆಲಸವನ್ನೂ ಮಾಡಿದೆ. ‘ನನ್ನಿಂದ ನಿಮ್ಮ ಮಗನಿಗೆ ಕೆಟ್ಟ ಮಾತು ಹೋಯಿತು, ತಪ್ಪಾಯಿತು’ ಎಂದೆ. ಅವರು ಪರವಾಗಿಲ್ಲ ಎನ್ನಲಿಲ್ಲ. ‘ಬಂದ್ರಲ್ಲ, ಆಯ್ತು. ಆ ಮಾತ ಇನ್ ಬುಟ್ಬುಡಿ’ ಎಂದರು. ಬಿಟ್ಟೆ. ಅವರೇ ತಂದುಕೊಟ್ಟ ಕಾಫಿ ಕುಡಿದೆ. ಮಗನಿಗೆ ಫೋನು ಮಾಡುತ್ತೇನೆ ಎಂದರು.

‘ಹಿತ್ತಲ ಗಿಡ ಮದ್ದಲ್ಲ ಅಂತೆ, ನಿಮ್ಮಪ್ಪನಿಗೆ ಬೆಳ್ಳೂರಿನ ಹಿತ್ತಿಲೇ ಬೇಕಾಯಿತು’ ಎಂದು ನಿನ್ನ ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಾಳೆ.

ನಿನ್ನ ಅಪ್ಪ

೧೬ ಆಗಸ್ಟ್ ೨೦೨೪

ಅಪ್ಪನಿಗೆ ನಿಮ್ಮ ಮಗಳ ನಮಸ್ಕಾರ, ಎರಡೆರಡು ಸಲ.

ನಿಮ್ಮ ಪತ್ರ ಬರುವ ಮೊದಲೇ ಅಣ್ಣಮ್ಮನ ಫೋನು ಬಂದಿತ್ತು. ‘ಒಬ್ರು ಮುದ್ಕ ಮೇಷ್ಟ್ರು ಬಸ್ಸಲ್ ನಿಂತ್ಕಂಡ್ ಬಂದಿದ್ರು ಕಣ್ಲಾ, ಒಂದ್ ಕಿತ ಕೂತು ಕೇಳು’ ಎಂದರಂತೆ. ಆಗಸ್ಟ್ ಐದಕ್ಕೆ ಸಿದ್ದರಾಜು ತರಗತಿಗೆ ಬಂದು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತ. ಅವನು ಕೂತಿದ್ದಕ್ಕೆ ಉಳಿದವರೂ ಕೂತರು.

ಬೋರ್ಡಿನ ಮೇಲೆ ಒಂದು ಒಲೆ ಬರೆದೆ. ‘ಇದರ ಕಾವೇ ವಿಕಿರಣ. ದೂರ ನಿಂತರೆ ಕಡಿಮೆ. ಬೇಗ ಕೆಲಸ ಮುಗಿಸಿದರೆ ಕಡಿಮೆ. ನಡುವೆ ಗೋಡೆಯಿದ್ದರೆ ಇನ್ನೂ ಕಡಿಮೆ. ಒಲೆಯ ಮುಂದೆ ಕೂತ ಹೆಂಗಸು ಹೊರಗೆ ಬಂದು ಮಗು ಎತ್ತಿಕೊಂಡರೆ ಮಗುವಿಗೆ ಸುಡುತ್ತದೆಯೆ?’ ಎಂದೆ. ಇಲ್ಲ ಎಂದರು. ‘ಅವಳ ಕೈಗೆ ಸಾರು ಅಂಟಿದ್ದರೆ?’ ಎಂದೆ.

ಕೆ.ಆರ್. ಪೇಟೆಯ ನಿಂಗರಾಜು ಥಟ್ಟನೆ, ‘ಮಗೀನ ಬಟ್ಟೆಗೂ ಮುಸುರೆ ಆಯ್ತದೆ!’ ಎಂದ.

ನಾನು ಹೇಳಬೇಕಿದ್ದ ಪದ ಅವನ ಬಾಯಿಂದಲೇ ಬಂತು ಅಪ್ಪ! ಸಿದ್ದರಾಜು ಕಟ್ಟಿದ ಕೈ ಬಿಚ್ಚಿದ. ‘ಅಂಗಾರೆ ನಾನು ಅವತ್ತು ಮುಸುರೆ ಕೈನ ಜೇಬಿಗೆ ಇಕ್ಬುಟ್ಟಿದ್ದೆ ಅನ್ನಿ’ ಎಂದ. ಅನ್ನುತ್ತೇನೆ ಎಂದೆ. ‘ಅದ ಮೊದ್ಲೇ ಯೋಳಕ್ಕೇನ್ ಆಗಿತ್ತು ಮೇಡಂ!’ ಎಂದು ರೇಗಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ಅತ್ತೆ ಕೂಡ.

ಮಾರನೆಯ ದಿನದಿಂದ ಅವರನ್ನು ಮತ್ತೆ ಒಳಗಿನ ಕೆಲಸಕ್ಕೆ ಹಾಕಿದರು, ಅಲ್ಲೆಲ್ಲ ಇದೇ ಮಾತು. ‘ಲೇ, ಮುಸುರೆ ಕೈಲಿ ಮೂಗ ಕೆರ್ಕಬ್ಯಾಡ ಕಣ್ಲಾ.’ ‘ಬೆಂಚಿನ ಆ ಕಡೆ ಮುಸುರೆ, ಈ ಕಡೆ ಚೊಕ್ಕ.’ ಸಿದ್ದರಾಜು ಒಂದು ಗಾದೆಯನ್ನೇ ಕಟ್ಟಿದ್ದಾನೆ: ಕೈ ಕೆಸರಾದರೆ ಬಾಯಿ ಮೊಸರು, ಕೈ ಮುಸುರೆಯಾದರೆ ಮೊದಲು ನಲ್ಲಿ. ಹನ್ನೊಂದು ದಿನವಾಯಿತು, ಗಂಟೆ ಸುಮ್ಮನಿದೆ. ಇನ್ನು ಎಪ್ಪತ್ತೊಂಬತ್ತು.

ನಿಮ್ಮ
ಸ್ಮೃತಿ

೨೭ ಆಗಸ್ಟ್ ೨೦೨೪
ಗಂಜಾಂ

ಚಿ. ಸ್ಮೃತಿಗೆ,

ಮೂರೇ ತಪ್ಪು. ಹತ್ತಕ್ಕೆ ಒಂಬತ್ತು. ಇದಕ್ಕಿಂತ ಹೆಚ್ಚು ನಾನು ಯಾರಿಗೂ ಕೊಟ್ಟಿಲ್ಲ, ನಿನಗೇ ಗೊತ್ತು.

ಗಾದೆ ಚೆನ್ನಾಗಿದೆ. ಕಟ್ಟಿದವನಿಗೆ ಹೇಳು. ಆದರೆ ನನ್ನ ಶಾಸನದ ಪ್ರಶ್ನೆಗೆ ನೀನು ಉತ್ತರ ಕೊಟ್ಟಿಲ್ಲ. ಮುನ್ನೂರು ವರ್ಷ. ಮರೆತಿಲ್ಲ ನಾನು.

ಎಪ್ಪತ್ತೊಂಬತ್ತು ದಿನವನ್ನು ನಿನ್ನ ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಾಳೆ. ನಾನೂ ಒಮ್ಮೊಮ್ಮೆ ಅತ್ತ ನೋಡುವುದುಂಟು.

ಸುಬ್ಬಣ್ಣ

೪ ನವೆಂಬರ್ ೨೦೨೪

ಅಪ್ಪ, ಅಮ್ಮ, ಇಬ್ಬರೂ ಒಟ್ಟಿಗೆ ಓದಿ!

ಗೆದ್ದೆವು. ನಿನ್ನೆಗೆ ತೊಂಬತ್ತು ದಿನ. ಹನ್ನೊಂದು ಜನ, ಒಂದು ಸಲವೂ ಗಂಟೆ ಹೊಡೆಯಲಿಲ್ಲ. ಹಳೆಯ ತಂಡಗಳೂ ಇಷ್ಟು ಸಾಧಿಸಿರಲಿಲ್ಲ.

ಸುಳ್ಳು ಹೇಳಬಾರದು, ಎಂಬತ್ತಮೂರನೆಯ ದಿನ ಒಮ್ಮೆ ಹೊಡೆಯಿತು. ಸಂಜೆ ಎಲ್ಲರೂ ಸಾಲಾಗಿ ಹೊರಗೆ ಬರುತ್ತಿದ್ದರು. ಗಂಟೆ ಕೇಳಿ ನಾನು ಬಾಗಿಲಿಗೆ ಓಡಿದೆ. ನಿಂಗರಾಜು ಕಣ್ಣು ಮುಚ್ಚಿ ಮನೆದೇವರ ಹೆಸರು ಹೇಳುತ್ತಿದ್ದ. ಕೊನೆಗೆ ನೋಡಿದರೆ ಯಂತ್ರದ ಮೇಲೆ ನಿಂತಿದ್ದವರು ತಪಾಸಣೆಗೆ ಬಂದಿದ್ದ ಸಂತೋಷ್ ಸರ್! ಒಳಗೆ ಪೀಪಾಯಿ ಮುಟ್ಟಿ ನೋಡಿ, ಅದೇ ಕೈಗವಸಿನಲ್ಲಿ ಕನ್ನಡಕ ಸರಿಮಾಡಿಕೊಂಡು, ಆಮೇಲೆ ಬರಿಗೈಯಲ್ಲಿ ಆ ಕನ್ನಡಕ ಮುಟ್ಟಿದ್ದರು.

ಸಿದ್ದರಾಜು ಮುಂದೆ ಬಂದ. ‘ಸಾ, ಮುಸುರೆ ಕೈಲಿ ಕನ್ನಡಕ ಮುಟ್ಬುಟ್ರಿ. ಬನ್ನಿ, ಎದ್ರುಕಬ್ಯಾಡಿ, ತೊಳುದ್ರೆ ಓಯ್ತದೆ’ ಎಂದು ಅವರನ್ನು ನಲ್ಲಿಗೆ ಕರೆದುಕೊಂಡು ಹೋದ. ಸೋಪು ಹೇಗೆ ಹಚ್ಚಬೇಕು, ಉಗುರಿನ ಸಂದಿ ಹೇಗೆ ಉಜ್ಜಬೇಕು ಎಂದು ಪಕ್ಕದಲ್ಲೇ ನಿಂತು ಹೇಳಿಕೊಟ್ಟ, ಕನ್ನಡಕವನ್ನೂ ತೊಳೆಸಿದ. ಎರಡನೆಯ ಸಲ ಯಂತ್ರ ಹಸಿರು ದೀಪ ತೋರಿಸಿತು. ಸಂತೋಷ್ ಸರ್ ಒದ್ದೆ ಕೈಯಲ್ಲೇ ಅವನ ಕೈ ಕುಲುಕಿದರು.

ಇವತ್ತು ಆದೇಶ ಬಂದಿದೆ. ಹನ್ನೊಂದು ಜನವೂ ಇಲ್ಲೇ. ಸಿದ್ದರಾಜು ಇನ್ನು ಮೇಲೆ ಹೊಸ ತಂಡಗಳಿಗೆ ತರಬೇತಿ ಕೊಡುವವನು. ಹೊರಬಾಗಿಲಿನಲ್ಲಿ ‘ವಿಕಿರಣಶೀಲ ಮಾಲಿನ್ಯ’ ಎಂದಿದ್ದ ಹಲಗೆ ತೆಗೆದು ಹೊಸದು ಬರೆಸಿದ್ದಾರೆ: ‘ಮುಸುರೆ ಕೈ ತೊಳೆಯದೆ ಹೊಸ್ತಿಲು ದಾಟಬೇಡಿ.’ ನಿಮ್ಮ ಶಾಸನದಷ್ಟು ದೊಡ್ಡ ಅಕ್ಷರ.

ನಿಮ್ಮ ಮುನ್ನೂರು ವರ್ಷದ ಪ್ರಶ್ನೆಯನ್ನು ಸಿದ್ದರಾಜುವಿಗೆ ಹೇಳಿದೆ. ‘ನಾನೇ ಮೇಷ್ಟ್ರುಗೆ ಬರೀತೀನಿ’ ಎಂದ. ಅಕ್ಷರ ಬರೆದು ಇಪ್ಪತ್ತು ವರ್ಷವಾಗಿದೆಯಂತೆ. ಕೆಂಪು ಪೆನ್ನಿಗೆ ಸ್ವಲ್ಪ ಕರುಣೆಯಿರಲಿ.

ಸ್ಮೃತಿ

೧೨ ನವೆಂಬರ್ ೨೦೨೪

ಮೇಸ್ಟ್ರುಗೆ ಸಿದ್ದರಾಜು ಮಾಡೊ ನಮಸ್ಕಾರ.

ನಾನು ಏಳ್ನೆ ಕ್ಲಾಸು ಸಾ. ತಪ್ಪಿದ್ರೆ ವಟ್ಟೆಗೆ ಆಕಳಿ. ನೀವು ಬೆಳ್ಳೂರ್ ಕ್ರಾಸಿಗೆ ಬಸ್ಸಲ್ಲಿ ನಿಂತ್ಕಂಡ್ ಬಂದದ್ದ ನಮ್ಮವ್ವ ಇನ್ನೂ ಯೋಳ್ತಾಳೆ. ನಮ್ ಜನದ ಮನೆ ತಾವು ತಪ್ಪಾಯ್ತು ಅಂತ ಬಂದೋರ ಅವಳು ನೋಡಿದ್ದೆ ಮೊದ್ಲು. ನಂಗೆ ಸಿಟ್ಟು ಪೂರ್ತಿ ಓಗಿಲ್ಲ ಸಾ, ಸುಳ್ ಯಾಕೆ ಯೋಳ್ಲಿ. ಅದು ನಿಮ್ ಮ್ಯಾಲಲ್ಲ, ಆ ಮಾತಿನ್ ಮ್ಯಾಲೆ.

ನೀವು ಕೇಳ್ದ್ರಂತೆ ಮುನ್ನೂರ್ ವರ್ಸ ಆದ್ಮೇಲೆ ಬೋರ್ಡು ಓದೋರ್ ಯಾರು ಅಂತ. ನಾನು ಯೋಚ್ನೆ ಮಾಡ್ದೆ. ನಿಮ್ ಘಟ್ಟದ ಕಲ್ಲಲ್ಲಿ ಬರ್ದಿದ್ದು ಯಾರ್ಗೂ ಗೊತ್ತಿಲ್ಲ. ಆದ್ರೆ ಮುಸುರೆ ಅನ್ನೊ ಮಾತ ಯಾವ್ ರಾಜ ಕಲ್ಲಲ್ಲಿ ಕೆತ್ಸಿದ್ದ ಸಾ? ಯಾರೂ ಕೆತ್ಸಿಲ್ಲ. ನಮ್ಮವ್ವಂಗೆ ಅವ್ರವ್ವ ಯೋಳುದ್ಲು, ಅವಳ್ಗೆ ಅವ್ರವ್ವ. ಬಾಯಿಂದ ಬಾಯಿಗೆ ಬಂದು ಉಳ್ಕತು. ಅದ್ಕೆ ಬೋರ್ಡ ನಂಬ್ಕಬಾರ್ದು ಸಾ. ಕಾಯೋರು ಇರ್ಬೇಕು, ಅವ್ರು ಇನ್ನೊಬ್ರಿಗೆ ಯೋಳ್ಕೊಡ್ಬೇಕು. ಈಗ ಅದೆ ನನ್ ಕೆಲ್ಸ. ಮೊನ್ನೆ ಹದ್ನಾರ್ ಜನಕ್ಕೆ ಪಾಟ ಮಾಡ್ದೆ. ನಮ್ ತಾತನ್ನ ಕೆರೆ ಏರಿ ಮ್ಯಾಲೆ ನಿಲ್ಲಕ್ ಬುಡ್ನಿಲ್ಲ. ನಾನು ಬೋರ್ಡಿನ ಮುಂದೆ ನಿಂತ್ಕಂಡೆ. ಎಲ್ರೂ ಸಾರ್ ಅಂದ್ರು.

ನನ್ ಮಗ್ಳು ಅಕ್ಷಿತಾಗೆ ಪೋನಲ್ಲಿ ಯೋಳ್ದೆ. ಅಪ್ಪ ನೀನು ಮೇಸ್ಟ್ರಾ ಅಂದ್ಲು. ಊ ಕನವ್ವ ಅಂದೆ.

ಇಂತಿ
ಸಿದ್ದರಾಜು

೨೦ ನವೆಂಬರ್ ೨೦೨೪
ಗಂಜಾಂ

ಸ್ಮೃತಿ,

ಸಿದ್ದರಾಜುವಿನ ಪತ್ರ ಬಂತು. ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದುಕೊಂಡು ಕೂತೆ. ಮೊದಲ ಸಾಲಿನಲ್ಲೇ ಕಾಗುಣಿತ ತಪ್ಪಿತ್ತು. ಎರಡನೆಯ ಸಾಲಿನಲ್ಲೂ ಇತ್ತು. ‘ನಮ್ ತಾತನ್ನ’ ಎಂಬಲ್ಲಿಗೆ ಬರುವ ಹೊತ್ತಿಗೆ ಅಕ್ಷರವೇ ಸರಿಯಾಗಿ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ನಿನ್ನ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದೆ.

ಪತ್ರ ಅವನಿಗೆ ವಾಪಸು ಕಳಿಸಿದ್ದೇನೆ. ಒಂದು ಕಡೆಯೂ ಗೀಟು ಹಾಕಿಲ್ಲ. ಕೊನೆಯಲ್ಲಿ ಹತ್ತಕ್ಕೆ ಹತ್ತು ಕೊಟ್ಟು ಸಹಿ ಮಾಡಿದ್ದೇನೆ. ಅಕ್ಷಿತಾಗೆ ತೋರಿಸಲಿ.

ನಾನು ಅಣುವಿದ್ಯುತ್ತನ್ನು ಒಪ್ಪಿದೆ ಎಂದು ತಿಳಿಯಬೇಡ. ಇಷ್ಟು ಕಾಲ ಕಾಯಬೇಕಾದ ಕಸವನ್ನು ಮಾಡುವುದೇಕೆ ಎಂಬ ಜಗಳ ನನ್ನಲ್ಲಿ ಇನ್ನೂ ಇದೆ, ಸಾಯುವವರೆಗೂ ಇರುತ್ತದೆ. ಆದರೆ ಆಗಿಹೋದ ಕಸವನ್ನು ಯಾರಾದರೂ ಕಾಯಲೇಬೇಕಲ್ಲ. ಕಾಯುವವಳು ನನ್ನ ಮಗಳು, ಕಾಯಲು ಕಲಿಸುವವನು ಸಿದ್ದರಾಜು ಎಂದು ಪಾಂಡವಪುರದ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹೇಳಿಕೊಂಡು ಬಂದೆ. ಎದೆ ಉಬ್ಬಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಆ ಹಲಗೆಯನ್ನು ನೋಡಬೇಕು. ಸಂಕ್ರಾಂತಿ ಕಳೆದ ಮೇಲೆ ನಾನೂ ಅಮ್ಮನೂ ಬರುತ್ತೇವೆ. ಅಣ್ಣಮ್ಮನವರನ್ನೂ ಕರೆದಿದ್ದೇನೆ, ಬೆಳ್ಳೂರು ಕ್ರಾಸಿನಲ್ಲಿ ಹತ್ತುತ್ತಾರೆ. ಈ ಸಲ ಕೂತುಕೊಂಡೇ ಬರಬೇಕೆಂದು ನಾಲ್ಕನೆಯ ಸೀಟನ್ನೂ ಹಿಡಿಸಿದ್ದೇನೆ, ಅಕ್ಷಿತಾಗೆ.

ಇನ್ನೂ ಏನೇನೋ ಬರೆಯಬೇಕೆಂದಿದ್ದೆ. ಎರಡು ವರ್ಷ ಬರಿಯ ಕೆಂಪು ಶಾಯಿ ಕಳಿಸಿದವನಿಗೆ ಬೇರೆ ಬಣ್ಣದಲ್ಲಿ ಬರೆಯಲು ಕೈ ಬರುತ್ತಿಲ್ಲ. ಭಾನುವಾರ ಬೆಳಿಗ್ಗೆ ಮನೆಗೆ ಫೋನು ಮಾಡು. ಅಮ್ಮ ಅಲ್ಲ, ನಾನೇ ಎತ್ತುತ್ತೇನೆ.

ಅಪ್ಪ